ಅತ್ತೆ ರೂಪಾಯಿಯ ತೂಕ

ಜುಲೈ 13, ಭಾನುವಾರ. ಸಂಜೆ 6

ನಾಣ್ಯ ಸಂಗ್ರಹಕಾರರ ಕ್ಲಬ್ಬಿನ ತಿಂಗಳ ಪ್ರದರ್ಶನ. ಎಂದಿನಂತೆ ನನ್ನ ಮೇಜಿನ ಮುಂದೆಯೇ ಕ್ಯೂ. ತೂಗಿದ್ದು ಅರವತ್ತೊಂದು ನಾಣ್ಯ. ಸೊಂಟ ಬಿದ್ದುಹೋಗಿದೆ.

1947ರ ರೂಪಾಯಿ ತಂದವರು ಮೂವರು. ಮೂವರಿಗೂ ಅದು ಬೆಳ್ಳಿಯೆಂಬ ನಂಬಿಕೆ. ಅಯಸ್ಕಾಂತ ಹಿಡಿದೆ. ಟಕ್ ಎಂದು ಅಂಟಿತು. ನಿಕ್ಕಲ್. 43ರದು ತಂದವನಿಗೆ ಅರ್ಧ ಬೆಳ್ಳಿ, ಉಳಿದದ್ದು ತಾಮ್ರ ಗೀಮ್ರ. ತೂಕ ಮಾತ್ರ ಎಲ್ಲಕ್ಕೂ ಒಂದೇ, 11.66 ಗ್ರಾಂ. “ಬ್ರಿಟಿಷರು ಬೆಳ್ಳಿ ಕದ್ದರೂ ತೂಕ ಕದಿಯಲಿಲ್ಲ” ಎಂದೆ. ಜನ ನಕ್ಕರು. ಜನ ನಕ್ಕರೆ ನನ್ನ ನಾಲಿಗೆ ಒಂದು ಗೇಣು ಉದ್ದವಾಗುತ್ತದೆ.

ಅಮೃತೂರಿನ ಗಿರಿಯಮ್ಮ ಎಂಬಾಕೆ ಐದು ಬೆಳ್ಳಿ ರೂಪಾಯಿ ತಂದಿದ್ದರು, ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ. ಆಕೆಯ ಅತ್ತೆ ಕೊಟ್ಟದ್ದಂತೆ. 1907, ಗಡ್ಡದ ಎಡ್ವರ್ಡ್ ದೊರೆ. ನಾಲ್ಕು 11.6ರ ಆಸುಪಾಸು. ಐದನೆಯದು 10.74! ಮುಖ ಮಂಕು, ಅಂಚು ಮೊಂಡು. ಎರಕ ಹೊಯ್ದ ನಕಲಿಗಳು ಹೀಗೇ ಇರುತ್ತವೆ.

“ಇದು ಡೂಪ್ಲಿಕೇಟ್” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಹಿಂದೆ ಇಪ್ಪತ್ತು ಜನ ಬಗ್ಗಿ ನೋಡುತ್ತಿದ್ದರು. “ನಾಲ್ಕು ಅಸಲಿ, ಒಂದು ನಕಲಿ ಅಂದ್ರೆ ಏನರ್ಥ? ಮನೆಯವರೇ ಯಾರೋ ಬದಲಾಯಿಸಿದಾರೆ ಅಂತ.”

ಆಕೆಯ ಮುಖ ಬಿಳಿಚಿತು. “ಹೋದ್ ದೀಪಾವಳಿಲಿ ಪಾಲಿಶ್ ಹಾಕ್ಸಕ್ಕೆ ಅಂತ ನಮ್ ಸೊಸೆ ತಗೊಂಡೋಗಿದ್ಲು…” ಎಂದರು. ಆಮೇಲೆ, “ಈ ಪೀಡೆ ನಮ್ಮನೆಗೆ ಬ್ಯಾಡ. ನೀವೇ ಇಟ್ಕಳಿ.”

ತಂದು ನಕಲಿಗಳ ಡಬ್ಬಿಯಲ್ಲಿ ಹಾಕಿದ್ದೇನೆ.

ಜುಲೈ 15, ಮಂಗಳವಾರ. ಬೆಳಿಗ್ಗೆ 11

ಡಬ್ಬಿಗೆ ಲೇಬಲ್ ಬರೆಯಬೇಕಿತ್ತು. ಯಾವ ಲೋಹ ಎಂದು ಬರೆಯಲು ನೀರಿನಲ್ಲಿ ತೂಗಿ ನೋಡಿದೆ. ಕಾಲೇಜಿನ ಮೇಷ್ಟ್ರ ಕೆಲಸದಿಂದ ರಿಟೈರ್ ಆಗಿ ಒಂಬತ್ತು ವರ್ಷವಾದರೂ ಕೆಮಿಸ್ಟ್ರಿ ಲ್ಯಾಬಿನ ಚಟ ಬಿಟ್ಟಿಲ್ಲ. ಗಾಳಿಯಲ್ಲಿ 10.74. ನೀರಿನಲ್ಲಿ ಕಡಿಮೆಯಾದದ್ದು 1.04. ಭಾಗಿಸಿದರೆ ಸಾಂದ್ರತೆ 10.3.

ನಕಲಿ ಲೋಹವಾದರೆ ಒಂಬತ್ತು ದಾಟುವುದಿಲ್ಲ. 10.3 ಎಂದರೆ ಬೆಳ್ಳಿ. ಆ ಕಾಲದ ಟಂಕಸಾಲೆಯ ಬೆಳ್ಳಿ.

ಮೂರು ಸಲ ಮಾಡಿದೆ. ಮೂರು ಸಲವೂ ಅದೇ.

ಲೆನ್ಸ್ ಹಿಡಿದೆ. ಸವೆದಿರುವುದು ದೊರೆಯ ಮುಖದ ಕಡೆ. ಹಿಂಬದಿಯ ಹೂಬಳ್ಳಿ ಸಾಕಷ್ಟು ಚೂಪಾಗಿದೆ. ಎರಕವಾದರೆ ಎರಡೂ ಕಡೆ ಒಂದೇ ಸಮ ಮಂಕಾಗಿರುತ್ತಿತ್ತು. ಕಿವಿಯ ಗೆರೆಯೊಳಗೆ ಕುಂಕುಮ. ಕಲಶಕ್ಕೆ ಇಡುವ ರೂಪಾಯಿ ಇದು! ವಾರವಾರ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಸವೆದಿದೆ. ಉಳಿದ ನಾಲ್ಕು ಪೆಟ್ಟಿಗೆಯಲ್ಲೇ ಇದ್ದವು, ತೂಕ ಉಳಿಯಿತು.

ಗಿರಿಯಮ್ಮ ಅಂದು ಹೇಳಲು ಹೊರಟಿದ್ದರು. “ಇದೊಂದ್ನ ಶುಕ್ರವಾರ ಶುಕ್ರವಾರ…” ಎನ್ನುತ್ತಿದ್ದಂತೆ ಕೈ ಅಡ್ಡ ಹಿಡಿದು ತಡೆದಿದ್ದೆ. ಹಿಂಬದಿ ತಿರುಗಿಸಿ ಸರಿಯಾಗಿ ನೋಡಿಯೂ ಇರಲಿಲ್ಲ. ನನ್ನ ಸ್ಟೂಡೆಂಟ್ ಹೀಗೆ ಮಾಡಿದ್ದರೆ ರೆಕಾರ್ಡ್ ಬುಕ್ ಎಸೆಯುತ್ತಿದ್ದೆ.

ನಾಚಿಕೆಯಾಗುತ್ತಿದೆ. ನಾಳೆ ಫೋನ್ ಮಾಡಬೇಕು. ನಂಬರ್ ಕ್ಲಬ್ ಸೆಕ್ರೆಟರಿ ರವೀಶನ ಹತ್ತಿರ ಇರುತ್ತದೆ.

ಜುಲೈ 17, ಗುರುವಾರ

ಮಾಡಲಿಲ್ಲ. ರವೀಶ್ ಗ್ರೂಪಿನಲ್ಲಿ ನನ್ನ ಫೋಟೊ ಹಾಕಿದ್ದಾನೆ. ‘ನೋಡಿದ ತಕ್ಷಣ ನಕಲಿ ಪತ್ತೆ ಹಚ್ಚಿದ ನಮ್ಮ ಅನಂತಕೃಷ್ಣ ಸರ್.’ ನಲವತ್ತೆರಡು ಥಂಬ್ಸ್ ಅಪ್. ಈಗಲೇ ಹೇಗೆ ಹೇಳುವುದು… ಎರಡು ದಿನ ಬಿಟ್ಟು.

ಜುಲೈ 27, ಭಾನುವಾರ

ರವೀಶನ ಫೋನ್. ಅವನ ಊರು ಕುಣಿಗಲ್. ಅಮೃತೂರಿನ ಸುದ್ದಿಯೆಲ್ಲ ಅವನಿಗೆ ಬೇಗ ಮುಟ್ಟುತ್ತದೆ.

“ಸರ್, ಆ ಅಜ್ಜಿ ಮನೇಲಿ ರಂಪ ಆಗೋಯ್ತಂತೆ. ಸೊಸೆ ಪ್ರಮೀಳಾ ಅಂತ. ಅವ್ಳೇ ಬದ್ಲಾಯ್ಸವ್ಳೆ ಅಂತ ದಿನಾ ಜಗಳ. ಗಂಡ ಸಂತೋಷ್ ಬಿದರೆಹಳ್ಳಿ ಕಾವಲ್ ಹೆಲಿಕಾಪ್ಟರ್ ಫ್ಯಾಕ್ಟರೀಲಿ ಕೆಲ್ಸ. ಅವ್ನೂ ಮಾತಾಡ್ತಿಲ್ವಂತೆ. ಗುಬ್ಬಿಗೆ ತೌರಿಗೆ ಹೊಂಟೋದ್ಲಂತೆ. ನೀವು ಹಿಡಿದ್ ಹಾಕಿದ್ದಕ್ಕೆ ಸರ್, ಇಲ್ದಿದ್ರೆ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ!”

ಅವನ ದನಿಯಲ್ಲಿ ಹೆಮ್ಮೆ. ಈಗಲಾದರೂ ಬಾಯಿ ಬಿಡಬೇಕಿತ್ತು. “ಹೌದಾ” ಎಂದೆ. 

ಆ ಹುಡುಗಿಯನ್ನು ನೋಡಿಯೂ ಇಲ್ಲ ನಾನು.

ಆಗಸ್ಟ್ 1, ಶುಕ್ರವಾರ

ಬ್ಯಾಂಕಿಗೆ ಎಂದು ಹೆಂಡತಿ ಕಮಲಳಿಗೆ ಸುಳ್ಳು ಹೇಳಿ ಹೊರಟೆ. ರೂಪಾಯಿ ಜೇಬಿನಲ್ಲಿ. ಕುಣಿಗಲ್ ತನಕ ಹೋದೆ. ಅಮೃತೂರು ಬಸ್ ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ. ಹತ್ತಲಿಲ್ಲ. ಕೆರೆ ಏರಿ ಮೇಲೆ ಸ್ವಲ್ಪ ಹೊತ್ತು ನಿಂತೆ. ಒಂದು ಟೀ ಕುಡಿದೆ. ವಾಪಸ್ ಬಂದೆ.

ಹೇಡಿ. ಬೇರೆ ಪದ ಇಲ್ಲ.

ಆಗಸ್ಟ್ 6, ಬುಧವಾರ. ಮಧ್ಯಾಹ್ನ 2

ಪ್ರಮೀಳಾ ಬಂದಿದ್ದಳು. ನಮ್ಮ ಮನೆಗೆ.

ಬೆಲ್ ಆಯಿತು. ತೆಗೆದರೆ ಮೂವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಪ್ಲಾಸ್ಟಿಕ್ ಕವರ್. “ಗಿರಿಯಮ್ಮನ ಸೊಸೆ ಸರ್” ಎಂದಳು. ಒಳಗೆ ಕರೆದು ಕೂರಿಸಿದೆ. ಗೊತ್ತಾಗಿ ಬಂದಿದ್ದಾಳೆ, ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

ಕವರಿನಿಂದ ಒಂದು ರೂಪಾಯಿ ತೆಗೆದಳು. 1907. ಅದೇ ಗಡ್ಡದ ದೊರೆ.

“ಗುಬ್ಬೀಲಿ ನನ್ ಓಲೆ ಕೊಟ್ಟು ತಗೊಂಡೆ ಸರ್. ಇದು ಅಸಲಿ ಅಂತ ನೀವು ಒಂದ್ ಚೀಟಿ ಬರ್ಕೊಟ್ರೆ ಅತ್ತೆ ಮನೆಗೆ ಸೇರಿಸ್ತಾರೆ. ನಿಮ್ ಮಾತು ಅಂದ್ರೆ ನಂಬ್ತಾರೆ.”

“ಮತ್ತೆ… ಹಳೇದು?”

ನೆಲ ನೋಡುತ್ತಾ ಹೇಳಿದಳು. “ನಾನೇ ಬದ್ಲಾಯ್ಸಿದ್ದು ಸರ್. ಒಪ್ಕೊಂಡಿದೀನಿ.”

ಅಸಲಿ ರೂಪಾಯಿ ಅವಳಿಂದ ಮೂರು ಅಡಿ ದೂರದ ಡ್ರಾಯರಿನಲ್ಲಿತ್ತು. ಅವಳು ಏನೂ ಮಾಡಿಲ್ಲ ಎಂದು ಇಡೀ ಜಗತ್ತಿನಲ್ಲಿ ಗೊತ್ತಿದ್ದವರು ಇಬ್ಬರು, ಅವಳು ಮತ್ತು ನಾನು. ಇಬ್ಬರೂ ಎದುರುಬದುರು ಕೂತು ಸುಳ್ಳಾಡುತ್ತಿದ್ದೆವು.

ತೂಗಿದೆ. 11.62. ‘ಅಸಲಿ’ ಎಂದು ಬರೆದೆ. ಸಹಿ ಹಾಕಿದೆ. ಕೈಮುಗಿದು ಹೋದಳು. ಕಿವಿಯಲ್ಲಿ ಕಡ್ಡಿ ಸಿಕ್ಕಿಸಿಕೊಂಡಿದ್ದಳು.

ಆಗಸ್ಟ್ 7, ಗುರುವಾರ. ಬೆಳಿಗ್ಗೆ

ಕಮಲಳಿಗೆ ಎಲ್ಲ ಹೇಳಿದೆ. ಹದಿಮೂರನೇ ತಾರೀಕು, ಹದಿನೈದನೇ ತಾರೀಕು, ನಿನ್ನೆಯದು, ಎಲ್ಲ. ಹಬ್ಬಕ್ಕೆ ಹೂ ಕಟ್ಟುತ್ತಿದ್ದವಳು ದಾರ ಕೆಳಗಿಟ್ಟಳು.

“ಕದೀದೇ ಇದ್ದೋಳ ಬಾಯಲ್ಲಿ ಕದ್ದೆ ಅನ್ನಿಸಿದ್ರಲ್ರೀ.”



“ನಾಳೆ ಅಮೃತೂರಿಗೆ ನಾನೂ ಬರ್ತೀನಿ. ಹಬ್ಬಕ್ಕೆ ಆ ಮನೇಲಿ ನೂರು ಜನ ಇರ್ತಾರೆ. ಎಲ್ರ ಎದುರು ಅಂದಿದೀರಿ, ಎಲ್ರ ಎದುರೇ ಹೇಳಿ.”

ಆಗಸ್ಟ್ 8, ಶುಕ್ರವಾರ, ವರಮಹಾಲಕ್ಷ್ಮಿ. ಸಂಜೆ 7

ಕಮಲ ಬೆಳಿಗ್ಗೆ ಐದಕ್ಕೇ ಪೂಜೆ ಮುಗಿಸಿದಳು. ಒಂಬತ್ತೂವರೆಗೆ ಅಮೃತೂರು.

ಗಿರಿಯಮ್ಮನ ಮನೆ ತುಂಬ ಹೆಂಗಸರು. ಕಲಶದ ಮೇಲೆ ಹೊಸ ರೂಪಾಯಿ. ಪ್ರಮೀಳಾ ತಾಂಬೂಲ ಹಂಚುತ್ತಿದ್ದಳು. “ದೊಡ್ ಮನಸ್ ಮಾಡಿ ಸೇರಿಸ್ಕಂಡಿದೀನಿ ಬುಡಿ” ಎಂದು ಗಿರಿಯಮ್ಮ ನಮಗೇ ಹೇಳಿದರು. ಸಂತೋಷ್ ಕುರ್ಚಿ ಹಾಕಿದ.

ಕೂರಲಿಲ್ಲ. ಹಳೆಯ ರೂಪಾಯಿ ಅಂಗೈ ಮೇಲಿಟ್ಟು ಹೇಳಿದೆ. ಇದು ಅಸಲಿ. ತಿಕ್ಕಿ ಸವೆದದ್ದು. ಬದಲಾಯಿಸಿದವರು ಯಾರೂ ಇಲ್ಲ. ತಪ್ಪು ನನ್ನದು.

ಗಿರಿಯಮ್ಮ ರೂಪಾಯಿಯನ್ನು ಸೆರಗಿನಲ್ಲಿ ಒರೆಸಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಸೊಸೆಯ ಕಡೆ ತಿರುಗಿದರು.

“ಮತ್ಯಾಕಮ್ಮಿ ಒಪ್ಕಂಡೆ?”

“ಹದ್ನೈದ್ ದಿನ ಇಲ್ಲ ಇಲ್ಲ ಅಂದೆ. ಯಾರ್ ಕೇಳಿದ್ರಿ? ಹೂಂ ಅಂದ್ಮೇಲೆ ತಾನೆ ನೀವು ನನ್ ಜೊತೆ ಮಾತಾಡಿದ್ದು.”

ಗಿರಿಯಮ್ಮ ಅಲ್ಲೇ ಕುಸಿದು ಕೂತು ಅತ್ತರು. ಸಂತೋಷ್ ಗೋಡೆ ಕಡೆ ತಿರುಗಿದ. ಪ್ರಮೀಳಾ ಅಳಲಿಲ್ಲ. ನನ್ನ ಹತ್ತಿರ ಬಂದಳು.

“ಯಾವಾಗ ಗೊತ್ತಾಯ್ತು ಸರ್ ನಿಮ್ಗೆ?”

ಇದನ್ನು ಕೇಳುತ್ತಾಳೆ ಎಂದು ಯಾಕೋ ಹೊಳೆದೇ ಇರಲಿಲ್ಲ. ಅವಳ ಕಿವಿಯ ಕಡ್ಡಿ ಕಾಣುತ್ತಿತ್ತು.

“ನಿನ್ನೆ” ಎಂದೆ.

ಬಗ್ಗಿ ನನ್ನ ಕಾಲು ಮುಟ್ಟಿದಳು. “ನಿನ್ನೆ ಗೊತ್ತಾಗಿ ಇವತ್ತೇ ಓಡ್ಬಂದ್ರಲ್ಲ. ನಿಮ್ಮಂಥೋರು ಯಾರ್ ಬರ್ತಾರೆ ಸರ್.”

ಬಸ್ಸಿನಲ್ಲಿ ಕಮಲ ಕಿಟಕಿ ಕಡೆ ತಿರುಗಿ ಕೂತಳು. ಕುಣಿಗಲ್ ದಾಟಿದ ಮೇಲೆ, ತಿರುಗದೆಯೇ —

“ನಂಗೆ ಹೋದ್ ತಿಂಗ್ಳು ಹದಿನೈದನೇ ತಾರೀಕು ಅಂದಿದ್ರಿ.”