ಮೇಣದಬತ್ತಿಯ ವಾಸನೆ

೧೨ ಜೂನ್ ೨೦೦೩

ಬೆಳಿಗ್ಗೆಯಿಂದ ಅಂಗಡಿಗೆ ರಿಪೇರಿಗೆ ಬಂದದ್ದು ಎರಡು ಬಂಪರ್, ಒಂದು ಮಿನಿಬಸ್ಸಿನ ಫೈಬರ್ ಮೂತಿ. ಶೀತ ಬಂದು ತಿಂಗಳಾಯಿತು, ಮೂಗು ಇನ್ನೂ ಮುಷ್ಕರ ಬಿಟ್ಟಿಲ್ಲ.

ಎರಡನೇ ಬಂಪರ್ ಸಂಪತ್ಕುಮಾರ ಮೇಷ್ಟ್ರದು. ಚನ್ನರಾಯಪಟ್ಟಣದಿಂದ ದಿನಾ ಇಲ್ಲಿ ಹೊಳೆನರಸೀಪುರದ ಕಾಲೇಜಿಗೆ ಕಾರಲ್ಲಿ ಬರುವವರು. ಮುಂಭಾಗ ಎರಡು ಸೀಳು. ಎಂದಿನಂತೆ ಒಳಗಿಂದ ಒಂದು ಚೂರು ಹೆರೆದು, ಸುಟ್ಟು, ಮೂಸಿದೆ. ಮೇಣದಬತ್ತಿ ವಾಸನೆ ಬಂದರೆ ಅದು ರೆಸಿನ್ ಅಂಟು ಹಿಡಿಯದ ಪ್ಲಾಸ್ಟಿಕ್ ಮಾಲು, ಕಾದ ಕಬ್ಬಿಣದಲ್ಲೇ ಬೆಸೆಯಬೇಕು. ಇಲ್ಲದಿದ್ದರೆ ರೆಸಿನ್ ಬಳಿದು ಗಾಜಿನ ನಾರಿನ ಫೈಬರ್ ಮ್ಯಾಟ್ ಅಂಟಿಸುವುದು.

ಬರಲಿಲ್ಲ. ಮ್ಯಾಟ್ ಹಾಕಿದೆ.

೧೪ ಜೂನ್

ಮೇಷ್ಟ್ರು ಕಾರು ಒಯ್ದರು. "ಹೊಸದರ ಹಾಗೇ ಇದೆಯಲ್ಲಯ್ಯ ಕಾಂತರಾಜು."

"ಅತ್ತು ವರ್ಸದ ಮೂಗು ಸಾ," ಅಂದೆ. ಬೀಗಿದೆ ಕೂಡ.

೧೯ ಜೂನ್, ಮಧ್ಯಾಹ್ನ

ಬೆಳಿಗ್ಗೆ ತಂದ ಡಬ್ಬಿ ಊಟ ಮಾಡುತ್ತಿದ್ದೆ. ಹೆಂಡತಿ ಗಂಗಾಂಬಿಕೆ ಅಂಗಡಿಗೆ ಬಂದವಳು ಮಾರು ದೂರದಿಂದಲೇ ಸೆರಗು ಮೂಗಿಗೆ ಹಿಡಿದಳು.

"ಸಾರು ಅಳಸೋಗದೆ, ಗೊತ್ತಾಗಲ್ವೇನ್ರೀ?"

"ಶೀತ ಕಣೆ."

"ತಿಂಗಳಿಂದ ಅದೇ ಅಂತೀರಿ. ಕಡೇಗೆ ಸೀನಿದ್ದು ಯಾವತ್ತು?"

ನೆನಪಾಗಲಿಲ್ಲ. ಮೇಷ್ಟ್ರ ಬಂಪರಿನ ಹೆರೆದ ಚೂರು ಬೆಂಚಿನ ಕೆಳಗೆ ಬಿದ್ದಿತ್ತು. ಸುಟ್ಟು ಅವಳ ಮುಂದೆ ಹಿಡಿದೆ.

"ಕರೆಂಟ್ ಬಂದ್ಮೇಲೆ ಮೇಣದಬತ್ತಿ ಆರಿಸ್ತೀವಲ್ಲ, ಅಂಗೆ."

ನನಗೆ ಏನೂ ಇಲ್ಲ. ಬರೀ ಬಿಸಿ.

ಆ ಮಾಲಿಗೆ ಅಂಟಿದ ಮ್ಯಾಟು ಇವತ್ತಲ್ಲ ನಾಳೆ ಕಿತ್ತು ಬರುತ್ತದೆ. ಬಂಪರ್ ಕಳಚಿ ಚಕ್ರದಡಿ ಸಿಕ್ಕಿದರೆ... ಮೇಷ್ಟ್ರ ಮಗಳು ಇಂಚರ ಯಾವಾಗಲೂ ಮುಂದಿನ ಸೀಟು.

ಅದೇ ದಿನ, ೪ ಗಂಟೆ

ಬೂತಿನಿಂದ ಮೇಷ್ಟ್ರ ಮನೆಗೆ ಮೂರು ಸಲ ಫೋನ್. ಎತ್ತುತ್ತಿಲ್ಲ. ಕಾಲೇಜಿನಲ್ಲಿ ಕೇಳಿದೆ — ಮೇಷ್ಟ್ರು ರಜೆ. ನಾಳೆ ಮನೆಮಂದಿಯೆಲ್ಲ ಕಾರಲ್ಲಿ ಹಾಸನಕ್ಕಂತೆ.

ಹೇಳಿದರೆ ಮೂಗು ಹೋದ ಸುದ್ದಿ ಸಂಜೆಯೊಳಗೆ ಪೇಟೆಗೆಲ್ಲ. ಆಮೇಲೆ ಬಂಪರ್ ಯಾರು ತರುತ್ತಾರೆ? ಸುಮ್ಮನಿದ್ದುಬಿಡಲೇ ಅಂತ ಗಂಗೆಯನ್ನು ಕೇಳಿದೆ. ನಾಚಿಕೆ ಬಿಟ್ಟು ಕೇಳಿದೆ.

"ಅಂಗಡಿ ಓದ್ರೆ ಇನ್ನೊಂದು ಮಾಡ್ಬೋದು. ಐದು ಗಂಟೆ ಬಸ್ಸಿಗೆ ಓಗಿ."

೨೦ ಜೂನ್

ನಿನ್ನೆ ಚನ್ನರಾಯಪಟ್ಟಣ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಕಾರು ಗೇಟಿನ ಒಳಗೇ ಇತ್ತು. ಮಾತಾಡುವ ಮೊದಲು ಬಂಪರಿನ ಅಡಿಗೆ ಕೈ ಹಾಕಿ ಉಗುರಲ್ಲಿ ಮೀಟಿದೆ. ಮ್ಯಾಟು ಕಾದ ಹೆಂಚಿನಿಂದ ದೋಸೆ ಎದ್ದ ಹಾಗೆ ಇಡಿಯಾಗಿ ಎದ್ದು ಬಂತು.

"ಸಾ, ನಂಗೆ ವಾಸ್ನೆ ತಿಳೀತಿಲ್ಲ. ತಿಳೀದೇನೆ ಮಾಡ್ಬುಟ್ಟೆ."

ಮೇಷ್ಟ್ರು ನನ್ನ ಕೈಯಲ್ಲಿದ್ದ ಮ್ಯಾಟನ್ನು ನೋಡಿದರು, ಮಗಳನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವರ ಮನೆಯವರು ಸರಸಮ್ಮ ಕಾಫಿ ಕೊಟ್ಟರು. ಎಂಥ ಕಾಫಿಯೋ. ಬಿಸಿ, ಸಿಹಿ, ಅಷ್ಟೆ.

೮ ಜುಲೈ

ಹಾಸನದ ಡಾಕ್ಟರು: ರೆಸಿನ್ ಹೊಗೆಯದೇ ಇರಬೇಕು, ಬಾಗಿಲು ಮುಚ್ಚಿ ಕೆಲಸ ಮಾಡಬೇಡಿ. ವಾಸನೆ ಮರಳಿ ಬರಬಹುದು, ಬರದೆಯೂ ಇರಬಹುದು.

ಗಂಗೆ ಈಗ ಅಂಗಡಿಯಲ್ಲೇ ಕೂರುತ್ತಾಳೆ. ನಾನು ಸುಡುತ್ತೇನೆ, ಅವಳು ಮೂಸುತ್ತಾಳೆ. "ಮೇಣ." "ಅಲ್ಲ." ಗಿರಾಕಿಗಳು ನಗುತ್ತಾರೆ. ನಗಲಿ. ಮೇಷ್ಟ್ರ ಕಾರು ಮತ್ತೆ ಬಂದಿತ್ತು, ಬೆಸೆದು ಕೊಟ್ಟೆ.

೨ ಆಗಸ್ಟ್, ಬೆಳಿಗ್ಗೆ ೧೧

ಗಂಗೆ ಸಂತೆಗೆ ಹೋಗಿದ್ದಾಳೆ. ಅವಳಿಲ್ಲದಾಗ ಸುಡಬಾರದು ಅಂತ ಮಾತು. ತಡೆಯಲಾಗಲಿಲ್ಲ. ಮೇಣದ ಮಾಲು ಅಂತ ಗೊತ್ತಿದ್ದ ಚೂರನ್ನೇ ಸುಟ್ಟೆ. ಬಂತು. ದೇವರಾಣೆ, ಬಂತು. ಇನ್ನೊಂದು ಸುಟ್ಟೆ. ಅದೂ ಬಂತು. ಬಾಗಿಲು ತೆರೆದು ಗಾಳಿಗೆ ಬಿಟ್ಟೆ, ವಾಸನೆ ಹೋಯಿತು. ಗಂಗೆ ಬಂದ ತಕ್ಷಣ ಹೇಳಬೇಕು.

ಬಂದಳು. ಬಾಗಿಲಲ್ಲೇ ನಿಂತು ಮೂಗು ಮುಚ್ಚಿದ್ದಾಳೆ. "ಏನ್ ಸುಟ್ರಿ? ಬೀದಿಗೆಲ್ಲ ಒಡೀತದೆ." ಈಗಲೂ ಇದೆಯಂತೆ. ಅಂದರೆ ನನಗೆ ಆಗ ಬಂದದ್ದು ಮೂಗಿನಿಂದಲ್ಲ, ಬರೀ ನೆನಪಿನಿಂದ.