ಸೋಮವಾರ ಬರಬೇಡ

ತೊಂಡೇಬಾವಿ
೧೨-೨-೨೦೨೫, ಬುಧವಾರ

ಪ್ರೀತಿಯ ಆಸ್ಮಾ,

ನಾನು ಕ್ಷೇಮ ಎಂದು ಮೊದಲು ಬರೆಯಬೇಕು. ಆ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಕೈಯಲ್ಲಿ ಫೋನ್ ಇಟ್ಟುಕೊಂಡು ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಆಫೀಸಿನವರು ನನ್ನ ಫೋನಿಗೆ ಏನೋ ಹಾಕಿದ್ದಾರೆ. ನಾನು ಅಮ್ಮನಿಗೆ ಕಳಿಸಿದ ಮೆಸೇಜನ್ನು ಚಲಪತಿ ಸರ್ ಮಾರನೇ ದಿನ ನನಗೇ ಓದಿ ಹೇಳಿದರು.

ಚಲಪತಿ ಸರ್ ನೆನಪಿದ್ದಾರಲ್ಲ? ಕಾಲೇಜಿನಲ್ಲಿ ನಮ್ಮ ರಂಗಭೂಮಿ ಪರಿಚಯದ ಪ್ರಾಕ್ಟಿಕಲ್ ದಿನ ಹೊರಗಿನಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದವರು. ಮಗನನ್ನು ಕಳೆದುಕೊಂಡ ತಾಯಿಯಾಗಿ ನಾನು ಅತ್ತೆ, ನೀನು ಮಾತು ಮರೆತು ನಕ್ಕೆ. ನಿನಗೆ ಹತ್ತಕ್ಕೆ ನಾಲ್ಕು ಬಂತು. ಸ್ಪ್ಯಾನಿಷ್‌ನಲ್ಲಿ ಮಾತ್ರ ನೀನೇ ರಾಣಿ. ಎರಡನೇ ಹಂತದ ಪಾಠಗಳನ್ನು ನೀನು ಹೇಳಿಕೊಡದಿದ್ದರೆ ನಾನಿನ್ನೂ ಮೊದಲನೇ ಹಂತದಲ್ಲೇ ಕೊಳೆಯುತ್ತಿದ್ದೆ. ಸ್ಪ್ಯಾನಿಷ್ ಬರಬೇಕು, ಅಳುವುದಕ್ಕೂ ಬರಬೇಕು, ಅಂಥ ಹುಡುಗಿ ಬೇಕು ಎಂದು ಸರ್ ಅಂದರಂತೆ. ಇಂಟರ್ನ್‌ಶಿಪ್, ಅವರ ಆಫೀಸಿನಲ್ಲೇ, ಮೇಲೊಂದು ಸರ್ಟಿಫಿಕೇಟ್. ನಾನು ಊರೆಲ್ಲ ಹೇಳಿಕೊಂಡು ಬೀಗಿದೆ.

ಕುಡುಮಲಕುಂಟೆಗೆ ಹೋಗುವ ದಾರಿಯಲ್ಲಿ ಒಂದು ಗೋಡೌನಿನ ಮೇಲಿನ ಮಹಡಿ ಅದು. ನಾವು ಹನ್ನೊಂದು ಹುಡುಗಿಯರು. ಮಧ್ಯಾಹ್ನ ಎರಡೂವರೆಗೆ, ಸ್ಪೇನಿನಲ್ಲಿ ಬೆಳಗಿನ ಹೊತ್ತು, ಫೋನ್ ಶುರು. ಒಂಟಿಯಾಗಿರುವ ಮುದುಕಿಯರ ಪಟ್ಟಿ ಕೊಡುತ್ತಾರೆ. ನಾನು ಅವರ ಮೊಮ್ಮಗಳು. ಆಕ್ಸಿಡೆಂಟ್ ಆಗಿದೆ, ಅಳುತ್ತಿದ್ದೇನೆ, ಕೂಡಲೇ ದುಡ್ಡು ಕಳಿಸಬೇಕು. ಇದೆಲ್ಲ ಅಭ್ಯಾಸ, ಆ ಕಡೆ ಇರುವವರೂ ನಟಿಯರೇ ಎಂದಿದ್ದರು. ನಾನು ನಂಬಿದೆ. ನಂಬಿದವಳ ಹಾಗೆ ಇದ್ದೆ ಎನ್ನುವುದೇ ಸರಿ. ಇರುಳು ಕಂಡ ಬಾವಿಗೆ ಹಗಲು ಬಿದ್ದವಳು ನಾನು.

ಮೊದಮೊದಲು ಯಾರೂ ಬಲೆಗೆ ಬೀಳಲಿಲ್ಲ, ಫೋನ್ ಇಟ್ಟುಬಿಡುತ್ತಿದ್ದರು. ಒಂದು ದಿನ ಬಾಯಿತಪ್ಪಿ, ಬರೆದುಕೊಟ್ಟಿದ್ದನ್ನು ಬಿಟ್ಟು, ನಮ್ಮ ಕಡೆ ಯಾರಿಗೆ ಫೋನ್ ಮಾಡಿದರೂ ಕೇಳುವುದನ್ನೇ ಕೇಳಿಬಿಟ್ಟೆ. ತಿಂಡಿ ಆಯಿತೇ, ಏನು ಮಾಡಿಕೊಂಡಿರಿ ಎಂದೆ. ಮುದುಕಿ ಅತ್ತಳು. ತನ್ನನ್ನು ಯಾರಾದರೂ ಹೀಗೆ ಕೇಳಿ ಎಷ್ಟೋ ವರ್ಷವಾಯಿತು ಎಂದಳು. ಅಲ್ಲಿಂದ ಮುಂದೆ ನಾನು ಹೇಳಿದ್ದನ್ನೆಲ್ಲ ಮಾಡಿದಳು. ಅವಳು ನಟಿ ಅಲ್ಲ ಕಣೇ. ಅಂಥ ಅಳುವನ್ನು ಯಾವ ಕಾಲೇಜೂ ಕಲಿಸುವುದಿಲ್ಲ.

ಸರ್ ಚಪ್ಪಾಳೆ ತಟ್ಟಿದರು. "ಇದನ್ನ ಎಲ್ರೂ ಬರ್ಕೊಳ್ರಮ್ಮ, ಫಸ್ಟು ತಿಂಡಿ ಕೇಳ್ಬೇಕು" ಎಂದರು. ಈಗ ಹನ್ನೊಂದು ಜನವೂ ಅದನ್ನೇ ಕೇಳುತ್ತೇವೆ. ಬೆಳಿಗ್ಗೆ ಅಮ್ಮ ತಿಂಡಿ ತಿಂದೆಯಾ ಎಂದರೆ ಮಾತು ಬದಲಿಸಿಬಿಡುತ್ತೇನೆ.

ಕೆಲಸ ಬಿಡುತ್ತೇನೆ ಎಂದೆ. ಸರ್ ಸಿಟ್ಟಾಗಲಿಲ್ಲ, ಟೀ ತರಿಸಿದರು. "ಮಾತಾಡಿರೋಳು ನೀನೇ ಅಲ್ವೇನಮ್ಮ, ಎಲ್ಲ ರೆಕಾರ್ಡಾಗಿದೆ" ಎಂದು ಮೆತ್ತಗೆ ಹೇಳಿದರು. ನನ್ನ ಮಾರ್ಕ್ಸ್ ಕಾರ್ಡುಗಳೂ ಅವರ ಬೀರುವಿನಲ್ಲಿವೆ.

ಸೋಮವಾರ ಬಂದು ಸೇರಿಕೋ ಎಂದು ನಿನಗೆ ಅವರಿಂದ ಕರೆ ಬಂದಿದೆಯಲ್ಲ, ಬರಬೇಡ. ನಿಮ್ಮೂರಿಂದ ಚಿಂತಾಮಣಿ ಬಸ್ ಸ್ಟ್ಯಾಂಡಿನ ತನಕವೂ ಬರಬೇಡ. ಮನೆಯಲ್ಲಿ ಬೇಡ ಅಂದರು ಎಂದುಬಿಡು. ನಟನೆ ಬರುವುದಿಲ್ಲ ಎಂಬ ನೆಪ ನಡೆಯುವುದಿಲ್ಲ. ಅಳುವುದನ್ನು ನಾವು ಕಲಿಸಿಕೊಡುತ್ತೇವೆ ಎಂದು ಸರ್ ಆಗಲೇ ಹೇಳಿದ್ದಾರೆ.

ನಿನ್ನ ಗೆಳತಿ ಎಂದುಕೊಳ್ಳಲು ನಾಚುತ್ತಿರುವ,
ಹರಿತಾ

ತಾ.ಕ.: ನಿನ್ನ ಹೆಸರು ಕೊಟ್ಟವಳು ನಾನೇ. ನನ್ನ ಜಾಗಕ್ಕೆ ಒಬ್ಬಳನ್ನು ತಂದರೆ ನನ್ನನ್ನು ಬಿಡುತ್ತಾರಂತೆ. ಯೋಚಿಸದೆ ಹೇಳಿದೆ ಎಂದು ಬರೆಯಹೊರಟಿದ್ದೆ. ಇಲ್ಲ, ಎರಡು ದಿನ ಯೋಚಿಸಿಯೇ ಹೇಳಿದೆ. ಭಾನುವಾರ ನಾನು ನಿನಗೆ ಫೋನ್ ಮಾಡುತ್ತೇನೆ, ಸರ್ ಪಕ್ಕದಲ್ಲೇ ಕುಳಿತಿರುತ್ತಾರೆ. ಇಲ್ಲಿ ಬಹಳ ಚೆನ್ನಾಗಿದೆ, ಬೇಗ ಬಾ ಎಂದು ನಗುನಗುತ್ತಾ ಕರೆಯುತ್ತೇನೆ. ನೀನು ಬಂದರೆ ನನಗೆ ಬಿಡುಗಡೆ, ಆದ್ದರಿಂದ ಆ ದಿನ ನಾನು ನಟಿಸುತ್ತಿರುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ನನ್ನನ್ನು ನಂಬಬೇಡ.