ತೊಳೆದರೂ ಹೋಗದ ಹಳದಿ

ನಾರಾಯಣಪೇಟೆ
೧೯ ಜೂನ್ ೨೦೧೪

ಪ್ರೀತಿಯ ಉದಯಕುಮಾರ,

ಆರಾಮ ಇದ್ದೀಯಾ? ರೂಢಿಗಾಗಿ ಕೇಳುತ್ತಿಲ್ಲ. ಫೋನಿನಲ್ಲಿ ಕೇಳಿದರೆ ನನ್ನ ಮಾತು ಮುಗಿಯುವ ಮೊದಲೇ ಆರಾಮ ಅಂದುಬಿಡುತ್ತೀ. ಸಣ್ಣವನಿದ್ದಾಗ ಮೈಸುಡುವ ಜ್ವರದಲ್ಲೂ ಹಾಗೇ ಅನ್ನುತ್ತಿದ್ದೆ, ಕಳ್ಳ. ಅದಕ್ಕೇ ಪುಣೆಗೆ ಕೆಲಸಕ್ಕೆ ಮರಳುತ್ತಿರುವ ಕಿಷ್ಟಪ್ಪನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಟಿಬಿ ಗುಳಿಗೆ ತಪ್ಪಿಸದೆ ನುಂಗುತ್ತಿದ್ದೀಯಲ್ಲ? ನಾನೂ ನಿನ್ನವ್ವನೂ ಉಣ್ಣುತ್ತೇವೆ, ಮಲಗುತ್ತೇವೆ.

ನಿಮ್ಮಣ್ಣ ಕೊಟ್ರೇಶ ಗದ್ವಾಲದ ದವಾಖಾನೆಯಲ್ಲಿದ್ದಾನೆ. ನೀನು ಹೆದರಿ ಗುಳಿಗೆ ಬಿಟ್ಟೀಯೆಂದು ನಿನ್ನವ್ವ ಇಷ್ಟು ದಿನ ಹೇಳಗೊಡಲಿಲ್ಲ. ನೀವಿಬ್ಬರೂ ಅಲ್ಲಿ ಒಂದೇ ಖೋಲಿಯಲ್ಲಿ ಕೆಮ್ಮಿದವರು. ಅವನು ಊರಿಗೆ ಬಂದು ಅದೇ ಗುಳಿಗೆ ಶುರುಮಾಡಿದ. ಉಚ್ಚೆ ಕೆಂಪಾಗುತ್ತದೆ, ಹೆದರಬೇಡಿ ಎಂದು ನರ್ಸಮ್ಮ ಮೊದಲೇ ಹೇಳಿದ್ದಳು. ಕೆಂಪಾಯಿತು, ನಾವು ಹೆದರಲಿಲ್ಲ. ಆಮೇಲೆ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತು, ಆಗಲೂ ಹೆದರಲಿಲ್ಲ. ಈ ತಿಂಗಳ ಮೊದಲಿಗೆ ನಮ್ಮ ತೆಲಂಗಾಣ ರಾಜ್ಯವಾದ ದಿನ ಬಜಾರಿನಲ್ಲಿ ಪೇಡೆ ಹಂಚಿದರು. ಪೇಡೆಗೆ ಜೀವ ಬಿಡುವ ಇವನು ಒಂದು ಚೂರು ಕಚ್ಚಿ ಉಳಿದದ್ದನ್ನು ನನ್ನ ಕೈಗಿಟ್ಟ. "ಬಾಯಿಗಿ ರುಚೀನ ಇಲ್ಲಪ್ಪ," ಅಂದ. ಗೆಳೆಯರು ಮುಖದ ತುಂಬ ಗುಲಾಲು ಬಳಿದಿದ್ದರು. ಅಂಗಳದಲ್ಲಿ ಕೂರಿಸಿ ನಾನೇ ತೊಳೆದೆ. ಗುಲಾಲು ಹೋಯಿತು, ಕೆಳಗಿನ ಹಳದಿ ಹೋಗಲಿಲ್ಲ. ಇನ್ನೊಮ್ಮೆ ಸೋಪು ಹಚ್ಚಿದೆ. ಸೀರೆಯ ನೂಲಿಗೆ ಬಣ್ಣ ಹಾಕುತ್ತ ಮುದುಕನಾದವನು ನಾನು. ಮಹಾಂತಯ್ಯನ ಹಳದಿ ಬಿಡುವುದಿಲ್ಲ ಎಂದು ಮಗ್ಗದವರು ಹೊಗಳಿದರೆ ಉಬ್ಬುತ್ತಿದ್ದೆ. ಅವನು ಕಣ್ಣು ತೆರೆದಾಗ ನೋಡಿದರೆ ಕಣ್ಣಿನ ಬಿಳಿಯೂ ಹಳದಿಯಾಗಿತ್ತು.

ಮಕ್ತಲದ ಡಾಕ್ಟರು ರಕ್ತ ನೋಡಿ, ಗುಳಿಗೆಯಿಂದ ಲಿವರಿಗೆ ಪೆಟ್ಟು ಬಿದ್ದಿದೆ, ಎಲ್ಲರಿಗೂ ಆಗುವುದಿಲ್ಲ, ಕೆಲವರಿಗೆ ಆಗುತ್ತದೆ ಎಂದು ಗದ್ವಾಲಕ್ಕೆ ಕಳಿಸಿದರು. ಅಲ್ಲಿ ಗುಳಿಗೆ ನಿಲ್ಲಿಸಿದ್ದಾರೆ. ಲಿವರ್ ಸುಧಾರಿಸಿದ ಮೇಲೆ ಒಂದೊಂದಾಗಿ ಮತ್ತೆ ಶುರುಮಾಡುತ್ತಾರಂತೆ. ಅಷ್ಟರಲ್ಲಿ ಕೆಮ್ಮು ಮತ್ತೆ ಏರುತ್ತಿದೆ. ನುಂಗಿದರೆ ಅದು, ಬಿಟ್ಟರೆ ಇದು. ನನಗೆ ಅಳು ಬರುತ್ತಿಲ್ಲ ಮಗನೇ, ಏನೂ ಅನಿಸುತ್ತಿಲ್ಲ. ಬಣ್ಣದ ಹಂಡೆ ಒಲೆಗೇರಿಸಿ ನೂಲು ಅದ್ದುವುದನ್ನೇ ಮರೆತು ಕೂರುತ್ತೇನೆ. ನಿನ್ನವ್ವ ಬಂದು ಒಲೆ ಆರಿಸುತ್ತಾಳೆ.

ಕಿಷ್ಟಪ್ಪ ಬಂದು ನಿಂತಿದ್ದಾನೆ, ಕೃಷ್ಣಾ ಸ್ಟೇಷನ್ನಿಗೆ ಹೋಗಿ ಗಾಡಿ ಹಿಡಿಯಬೇಕಂತೆ. ಹೊತ್ತಿಗೆ ಸರಿಯಾಗಿ ಉಣ್ಣು. ಶಿವ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ
ಮಹಾಂತಯ್ಯ

ತಾ.ಕ.: ಕಾಗದ ಮಡಚುವಾಗ ನಿನ್ನವ್ವ ಒಂದು ಮಾತು ಹೇಳಿದಳು. ಮೊನ್ನೆ ಫೋನಿನಲ್ಲಿ ನೀನು "ಬಾಯಿಗಿ ರುಚೀನ ಇಲ್ಲಬೇ ಯವ್ವ" ಅಂದೆಯಂತೆ. ಅಲ್ಲಿಯ ಊಟ ಸರಿಯಿಲ್ಲವೇನೋ ಎಂದುಕೊಂಡಳಂತೆ ಅವಳು. ಈಗ ನಿನ್ನ ಫೋನು ಬಂದ್ ಆಗಿದೆ. ಮುಂದಿನ ಗುಳಿಗೆ ನುಂಗುವ ಮೊದಲೇ ದವಾಖಾನೆಗೆ ಹೋಗು. ಗುಳಿಗೆ ಎಸೆಯಬೇಡ, ಜೊತೆಗೆ ಒಯ್ದು ತೋರಿಸು, ರಕ್ತ ನೋಡಲು ಹೇಳು. ಇದನ್ನು ಓದುವಾಗ ಕಿಷ್ಟಪ್ಪ ನಿನ್ನ ಎದುರಿಗೇ ಇರುತ್ತಾನೆ. ಬಿಸಿಲಿಗೆ ಬಂದು ನಿಲ್ಲು. ಅವನು ನಿನ್ನ ಕಣ್ಣು ನೋಡಲಿ.